ನೀವು ಓದಿ, ನಾವು ಕೇಳ್ತೀವಿ

ಧಾರವಾಡದ ಸುಭಾಸ ರಸ್ತೆಯ ಅಂಗಡಿ ಸಾಲಿನಲ್ಲಿ ಮೆಟ್ಟಿಲು ಹತ್ತಿ ಹೋದರೆ ಮನೋಹರ ಗ್ರಂಥಮಾಲೆಯ ಅಟ್ಟ ಸಿಗುತ್ತದೆ. 1933ರಲ್ಲಿ ಜಿ.ಬಿ. ಜೋಶಿಯವರು ಹುಟ್ಟುಹಾಕಿದ ಪ್ರಕಾಶನದ ಕಚೇರಿ ಅದು. ಬರೆಯುವ ಹುಡುಗರು ಹಸ್ತಪ್ರತಿ ಹಿಡಿದು ಅಲ್ಲಿಗೆ ಬರುತ್ತಿದ್ದರು. ಜೋಶಿಯವರು ಕೂರಿಸಿಕೊಂಡು ಮಾತಾಡಿಸುತ್ತಿದ್ದರು, ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಓದಿ ಅಭಿಪ್ರಾಯ ಹೇಳುತ್ತಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಚ್ಚಾಗಿ ಬಂದದ್ದು ಇಲ್ಲಿಂದಲೇ. ಆಗ ಅವರಿಗೆ ಇಪ್ಪತ್ಮೂರರ ಆಸುಪಾಸು. ಇತಿಹಾಸವನ್ನು ಗಟ್ಟಿಯಾಗಿ ಕೈಗೆತ್ತಿಕೊಂಡ ನಾಟಕ ಕನ್ನಡದಲ್ಲಿ ಇಲ್ಲ ಎಂಬ ಕುರ್ತಕೋಟಿಯವರ ಮಾತೇ ‘ತುಘಲಕ್’ಗೆ ಪ್ರೇರಣೆಯಾಯಿತೆಂದು ಕಾರ್ನಾಡರು ಮುಂದೆ ಹೇಳಿಕೊಂಡಿದ್ದಾರೆ.

ಆ ಅಟ್ಟದಲ್ಲಿ ನಾಟಕ ಬರೆಯುವುದು ಹೇಗೆಂದು ಯಾರೂ ಪಾಠ ಹೇಳಿದಂತಿಲ್ಲ. ಪಠ್ಯಕ್ರಮವಿರಲಿಲ್ಲ, ಪ್ರಮಾಣಪತ್ರವಂತೂ ಇರಲೇ ಇಲ್ಲ. ಆದರೂ ಒಬ್ಬ ಹುಡುಗನ ಮೊದಲ ನಾಟಕವನ್ನು ದೊಡ್ಡವರು ತಾಳ್ಮೆಯಿಂದ ಓದಿದರು, ಓದಿ ಸುಮ್ಮನಿರದೆ ಮುಂದಿನದಕ್ಕೆ ಕೆಣಕಿದರು. ಕನ್ನಡದಲ್ಲಿ ಬರೆಯುವವರ ಕೂಟಗಳು ಯಾವಾಗ ಫಲ ಕೊಟ್ಟವು, ಯಾವಾಗ ಬರಿಯ ಸಮಾರಂಭವಾಗಿ ಮುಗಿದವು ಎಂದು ಯೋಚಿಸಿದಾಗಲೆಲ್ಲ ನನಗೆ ಈ ಅಟ್ಟ ನೆನಪಾಗುತ್ತದೆ.

ಈಗ ಕಮ್ಮಟಗಳ ಕಾಲ. ವಾರಕ್ಕೊಂದು ಪ್ರಕಟಣೆಯಾದರೂ ಫೋನಿಗೆ ಬಂದು ಬೀಳುತ್ತದೆ: ಕಥಾ ಕಮ್ಮಟ, ಕಾವ್ಯ ಕಮ್ಮಟ, ಗಜಲ್ ಕಾರ್ಯಾಗಾರ, ಅನುವಾದ ಶಿಬಿರ, ಮಕ್ಕಳ ಕಥೆ ಬರೆಯುವವರಿಗೆ ಝೂಮ್ ತರಗತಿ. ಸಾಹಿತ್ಯ ಅಕಾಡೆಮಿಯಿಂದ ಹಿಡಿದು ತಾಲ್ಲೂಕು ಮಟ್ಟದ ಬಳಗದವರೆಗೆ ಎಲ್ಲರೂ ನಡೆಸುತ್ತಾರೆ. ನನಗೆ ಇದು ಸಂತೋಷದ ವಿಷಯ. ಬರೆಯುವುದನ್ನು ಹೇಳಿಕೊಡಲು ಬರುವುದಿಲ್ಲ, ಅದು ಹುಟ್ಟಿನಿಂದ ಬರಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಂಗೀತಕ್ಕೆ ಗುರು ಬೇಕು, ಯಕ್ಷಗಾನಕ್ಕೆ ಬೇಕು, ಕುಸ್ತಿಗೆ ಕೂಡ ಉಸ್ತಾದ್ ಬೇಕು ಎಂದು ನಂಬುವ ನಾವು ಕಥೆ ಬರೆಯುವವರನ್ನು ಮಾತ್ರ ಒಂಟಿಯಾಗಿ ಬಿಟ್ಟುಬಿಡುವುದು ಸರಿಯಲ್ಲ. ಆದರೆ ಕಮ್ಮಟದಲ್ಲಿ ಕಲಿಯುವುದು ಯಾವ ಗಳಿಗೆಯಲ್ಲಿ ಎಂಬುದನ್ನು ಸರಿಯಾಗಿ ಗುರುತಿಸದಿದ್ದರೆ ಮೂರು ದಿನದ ಊಟ ವಸತಿಯ ಖರ್ಚೆಲ್ಲ ದಂಡ.

ಹಳೆಯ ದಾರಿಯನ್ನು ಸ್ವಲ್ಪ ನೋಡೋಣ. ಧಾರವಾಡದಲ್ಲೇ, ಅಟ್ಟಕ್ಕಿಂತ ಮುಂಚೆ, 1922ರಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕೂಡಿತು. ವಿ.ಕೃ. ಗೋಕಾಕ, ಶಂ.ಬಾ. ಜೋಶಿ, ರಂ.ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ ಇವರೆಲ್ಲ ಆ ಬಳಗದವರು. ಕವಿ, ಸಂಶೋಧಕ, ವಿಮರ್ಶಕ, ಜಾನಪದದ ಹುಚ್ಚು ಹಿಡಿದವರು ಒಂದೇ ಕಡೆ ಕೂತರು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಗೋಕಾಕರು ಕನ್ನಡಕ್ಕೆ ಒಲಿದದ್ದು ಬೇಂದ್ರೆಯವರ ಸಹವಾಸದಿಂದ. ಮುಂದೆ ಆ ಇಬ್ಬರಿಗೂ ಜ್ಞಾನಪೀಠ ಬಂತು. ಒಬ್ಬರ ಕವಿತೆಯನ್ನು ಇನ್ನೊಬ್ಬರು ಕೇಳುವುದು, ಕೈಬರಹದಲ್ಲಿರುವಾಗಲೇ ಚರ್ಚೆ ಮಾಡುವುದು, ಆಮೇಲೆ ಸೇರಿ ಪತ್ರಿಕೆ ನಡೆಸುವುದು, ಅವರ ದಿನಚರಿಯಲ್ಲಿ ಇವೆಲ್ಲ ಬೇರೆ ಬೇರೆ ಕೆಲಸವಾಗಿರಲಿಲ್ಲ.

ಭೀಮಾತೀರದ ಹಲಸಂಗಿ ಇನ್ನೂ ವಿಶೇಷ. ಅದು ಪೇಟೆಯಲ್ಲ, ಕಾಲೇಜಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಗೆಳೆಯರು ಬರೆಯುವುದರ ಜೊತೆಗೆ ಊರಿನ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂತು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ ಸಂಗ್ರಹ ಬಂದದ್ದು 1931ರಲ್ಲಿ. ಬರಹಗಾರರ ಕೂಟವೊಂದರ ಮೊದಲ ದೊಡ್ಡ ಕೆಲಸ ತಮ್ಮ ಕವಿತೆಯನ್ನು ಬದಿಗಿಟ್ಟು, ಬೀಸುವ ಕಲ್ಲಿನ ಮುಂದೆ ಕೂತವರ ಪದ ಕೇಳುವುದಾಗಿತ್ತು ಎಂಬುದು ನನಗೆ ಬಹಳ ದೊಡ್ಡ ಸಂಗತಿ ಅನ್ನಿಸುತ್ತದೆ. ಇವತ್ತಿನ ಯಾವ ಕಮ್ಮಟದ ವೇಳಾಪಟ್ಟಿಯಲ್ಲೂ ನಾನು ಅಂಥ ಒಂದು ಬೆಳಗನ್ನು ನೋಡಿಲ್ಲ. ಶಿಬಿರಾರ್ಥಿಗಳನ್ನು ಸಂತೆಗೆ, ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ, ಬಸ್‌ಸ್ಟ್ಯಾಂಡಿಗೆ ಕಳಿಸಿ ಎರಡು ತಾಸು ಮಾತು ಕೇಳಿ ಬನ್ನಿ ಎಂದರೆ, ಸಂಭಾಷಣೆಯ ಬಗ್ಗೆ ಮಾಡುವ ಉಪನ್ಯಾಸ ಅರ್ಧ ಉಳಿಯುತ್ತದೆ.

ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಒಂದು ಸಣ್ಣ ಕೂಟವಿದೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಶಾಲೆಯ ಒಂದು ಕೋಣೆಯಲ್ಲಿ ಸೇರುತ್ತೇವೆ. ಹೈಸ್ಕೂಲ್ ಮೇಷ್ಟ್ರು, ಎಲ್‌ಐಸಿ ಏಜೆಂಟರು, ಬಿ.ಎ. ಓದುವ ಹುಡುಗ ಹುಡುಗಿಯರು, ನಿವೃತ್ತ ಕಂಡಕ್ಟರ್ ಒಬ್ಬರು, ಅಂಗನವಾಡಿ ಕಾರ್ಯಕರ್ತೆಯರು. ಬಂದವರು ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಇಷ್ಟೇ ಪದ್ಧತಿ.

ಒಂದು ಸಲ ಕಾಲೇಜು ಹುಡುಗಿಯೊಬ್ಬಳು ಕಥೆ ಓದಿದಳು. ಶುರುವಿನಲ್ಲಿ ಸೂರ್ಯ ಮೂಡಣದಲ್ಲಿ ಕೆಂಪಾಗಿ ಉದಯಿಸಿದ್ದ, ಹಕ್ಕಿಗಳು ಚಿಲಿಪಿಲಿಗುಟ್ಟುತ್ತಿದ್ದವು, ಹಸಿರು ಹುಲ್ಲಿನ ಮೇಲೆ ಇಬ್ಬನಿ ಮುತ್ತಿನಂತಿತ್ತು. ಒಂದು ಪುಟ ಹೀಗೇ ಹೋಯಿತು. ಎರಡನೆಯ ಪುಟದ ನಡುವೆ ಒಂದು ಸಾಲು ಬಂತು: ಅವ್ವ ರೇಷನ್ ಅಂಗಡಿಯ ಸರದಿಯಲ್ಲಿ ತನ್ನ ಬದಲಿಗೆ ಖಾಲಿ ಚೀಲ ಇಟ್ಟು, ಅದರ ಮೇಲೊಂದು ಕಲ್ಲು ಹೇರಿ, ಕೂಲಿಗೆ ಹೋಗಿದ್ದಳು. ಕೋಣೆಯಲ್ಲಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಅಲ್ಲಿಯವರೆಗೆ ಫೋನ್ ನೋಡುತ್ತಿದ್ದವರು ಅದನ್ನು ಕೆಳಗಿಟ್ಟರು. ಹುಡುಗಿ ಅದನ್ನು ಗಮನಿಸಿದಳು. ಕಥೆ ಎಲ್ಲಿಂದ ಶುರುವಾಗಬೇಕು ಅಂತ ಆಮೇಲೆ ನಾವು ಹೇಳುವುದಕ್ಕೇ ಬಿಡಲಿಲ್ಲ, ತಾನೇ ಮೊದಲ ಪುಟದ ಮೇಲೆ ಗೆರೆ ಎಳೆದಿದ್ದಳು.

ಇನ್ನೊಂದು ತೊಂದರೆ ಉಳಿದಿತ್ತು. ಕಥೆಯಲ್ಲಿ ಅವ್ವ ಮಗಳಿಗೆ, “ಮಗಳೇ, ನೀನು ಇಷ್ಟು ತಡವಾಗಿ ಏಕೆ ಬಂದೆ?” ಎನ್ನುತ್ತಾಳೆ. ಕಂಡಕ್ಟರ್ ಅಜ್ಜಾರು ಕೇಳಿದರು:

“ತಂಗೀ, ನಿಮ್ಮವ್ವ ಹಿಂಗ ಮಾತಾಡ್ತಾಳೇನವಾ?”

“ಇಲ್ರೀ ಅಜ್ಜಾರ.”

“ಮತ್ತ ಹೆಂಗಂತಾಳ?”

“‘ಯಾಕಬೇ, ಇಷ್ಟೊತ್ತು ಮಾಡಿದಿ?’ ಅಂತಾಳ್ರೀ.”

“ಹಂಗ ಬರಿ ಮತ್ತ.”

“ಹಂಗ ಬರದ್ರ ತಪ್ಪಾಗಂಗಿಲ್ಲೇನ್ರೀ? ಸಾಲ್ಯಾಗ ಮಾರ್ಕ್ಸ್ ಕಟ್ ಮಾಡ್ತಿದ್ರು.”

ಈ ಕೊನೆಯ ಪ್ರಶ್ನೆ ನನ್ನನ್ನು ಇವತ್ತಿಗೂ ಕಾಡುತ್ತದೆ. ಹದಿನೈದು ವರ್ಷ ಕನ್ನಡ ಓದಿದ ಮಗುವಿಗೆ ತನ್ನ ತಾಯಿಯ ಮಾತು ತಪ್ಪು ಎಂದು ಮನಸ್ಸಿನಲ್ಲಿ ಕೂತಿದೆ. ದೇವನೂರ ಮಹಾದೇವರ ಗದ್ಯ ಓದಿ ನಾವೆಲ್ಲ ಮೆಚ್ಚಿಕೊಂಡು ಎಷ್ಟೋ ಕಾಲವಾಯಿತು. ಅವರ ‘ಕುಸುಮಬಾಲೆ’ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದಿದೆ. ಆದರೂ ಅದರ ಧೈರ್ಯ ತರಗತಿಯ ಕೊನೆಯ ಬೆಂಚಿನವರೆಗೆ ಇಳಿದಿಲ್ಲ. ಆ ಅನುಮತಿಯನ್ನು ಕೊಡಬೇಕಾದ ಜಾಗ ಇಂಥ ಕೂಟಗಳೇ. ಸಾಹಿತಿಯೊಬ್ಬರು ವೇದಿಕೆಯ ಮೇಲಿಂದ ಪ್ರಾದೇಶಿಕ ಭಾಷೆಯ ಮಹತ್ವ ವಿವರಿಸಿದರೆ ಅದು ಟಿಪ್ಪಣಿ ಪುಸ್ತಕದಲ್ಲಿ ಉಳಿದೀತು. ಎದುರಿಗೆ ಕೂತ ಅಜ್ಜ “ಹಂಗ ಬರಿ” ಎಂದರೆ ಮರುದಿನದ ಬರವಣಿಗೆಯಲ್ಲಿ ಇಳಿಯುತ್ತದೆ.

ಗಟ್ಟಿಯಾಗಿ ಓದುವುದಕ್ಕೆ ಇರುವ ಶಕ್ತಿಯನ್ನು ಹೊಸಬರು ಬೇಗ ನಂಬುವುದಿಲ್ಲ. ಕಣ್ಣು ಮೋಸ ಮಾಡುತ್ತದೆ; ನಾವೇ ಬರೆದ ವಾಕ್ಯದ ಕುಂಟುತನವನ್ನು ಅದು ದಾಟಿಕೊಂಡು ಹೋಗುತ್ತದೆ. ನಾಲಿಗೆ ಹಾಗೆ ದಾಟುವುದಿಲ್ಲ. ಓದುವವರು ಎಲ್ಲಿ ಉಸಿರು ಕಳೆದುಕೊಳ್ಳುತ್ತಾರೋ ಅಲ್ಲಿ ವಾಕ್ಯ ಉದ್ದವಾಗಿದೆ. ಎಲ್ಲಿ ದನಿ ತಾನಾಗಿ ತಗ್ಗುತ್ತದೋ ಅಲ್ಲಿ ಬರೆದವರಿಗೇ ನಂಬಿಕೆಯಿಲ್ಲ. ಬೇರೊಬ್ಬರಿಂದ ಓದಿಸಿದರೆ ಇನ್ನೂ ಒಳ್ಳೆಯದು. ಬರೆದವರು ಸುಮ್ಮನೆ ಕೂತು ತಮ್ಮ ಕಥೆ ಅಪರಿಚಿತ ದನಿಯಲ್ಲಿ ಹೇಗೆ ನಡೆಯುತ್ತದೆಂದು ಕೇಳುತ್ತಾರೆ. 1936ರಲ್ಲಿ ಶುರುವಾದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬರಹಗಾರರ ಕಾರ್ಯಾಗಾರದ ಪದ್ಧತಿಯೂ ಇದಕ್ಕೆ ದೂರದ್ದೇನಲ್ಲ: ಒಬ್ಬರ ಕರಡನ್ನು ಎಲ್ಲರೂ ಮುಂಚೆಯೇ ಓದಿ ಬರುತ್ತಾರೆ, ಚರ್ಚೆ ನಡೆಯುವಾಗ ಬರೆದವರು ಬಾಯಿ ಬಿಡುವಂತಿಲ್ಲ. “ನಾನು ಹೇಳಹೊರಟದ್ದು ಅದಲ್ಲ” ಎಂದು ವಿವರಿಸಲು ಪತ್ರಿಕೆಯ ಓದುಗರ ಮನೆಗೆ ನಾವು ಹೋಗಲಾರೆವಲ್ಲ.

ನಮ್ಮಲ್ಲಿ ಬಹಳ ಕಮ್ಮಟಗಳು ಕೈಜಾರುವುದು ಇಲ್ಲೇ. ಮೂರು ದಿನದ ಶಿಬಿರ ಎನ್ನುತ್ತಾರೆ. ಮೊದಲ ದಿನ ಬೆಳಗ್ಗೆ ಉದ್ಘಾಟನೆ: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಉದ್ಘಾಟಕರ ಮಾತು, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ. ಮಧ್ಯಾಹ್ನದ ಊಟ ಮುಗಿಯುವಾಗ ಎರಡೂವರೆ. ಆಮೇಲೆ ಕಥಾ ಪರಂಪರೆಯ ಬಗ್ಗೆ ಎರಡು ಉಪನ್ಯಾಸ. ಕೊನೆಯ ದಿನ ಸಮಾರೋಪ, ಪ್ರಮಾಣಪತ್ರ, ಗುಂಪು ಫೋಟೋ. ಸಂಜೆಯ ಬಸ್ಸು ಹಿಡಿಯುವ ಆತುರ. ಶಿಬಿರಾರ್ಥಿಗಳ ಕಥೆ ಓದಲು ನಡುವೆ ಸಿಗುವುದು ಒಂದು ಮಧ್ಯಾಹ್ನ, ತಲೆಗೆ ಹತ್ತು ನಿಮಿಷ. ನಾನು ಹೊಸದಾಗಿ ಬರೆಯುತ್ತಿದ್ದಾಗ ಹೋದ ಒಂದು ಶಿಬಿರದಲ್ಲಿ ನನ್ನ ಕಥೆಯ ಸರದಿ ಬರಲೇ ಇಲ್ಲ. ಹೊತ್ತಾಯಿತೆಂದು ಆಯೋಜಕರು ಉಳಿದ ಹಸ್ತಪ್ರತಿಗಳನ್ನು ಒಟ್ಟು ಮಾಡಿ ಪಕ್ಕಕ್ಕಿಟ್ಟರು. ಪ್ರಮಾಣಪತ್ರ ಮಾತ್ರ ಕೈಗೆ ಬಂತು. ದೂರದ ಊರಿಂದ ಎರಡು ಬಸ್ ಬದಲಿಸಿ ಬಂದವರನ್ನು ಹೀಗೆ ಕಳಿಸಿಕೊಡುವುದು ದೊಡ್ಡ ಅನ್ಯಾಯ. ಅವರು ಭಾಷಣವನ್ನು ಯೂಟ್ಯೂಬಿನಲ್ಲಿ ಕೇಳಿಕೊಳ್ಳಬಲ್ಲರು. ತಮ್ಮ ಆರು ಪುಟವನ್ನು ಪೆನ್ಸಿಲ್ ಹಿಡಿದು ಓದುವ ಒಬ್ಬರನ್ನು ಅಲ್ಲಿ ಹುಡುಕಲಾರರು.

ಸಂಪನ್ಮೂಲ ವ್ಯಕ್ತಿಯಾಗಿ ಬರುವ ಹಿರಿಯರಿಗೂ ಇದು ಹಗುರದ ಕೆಲಸವಲ್ಲ. ಇಪ್ಪತ್ತೈದು ಕಥೆಗಳನ್ನು ಮುಂಚಿತವಾಗಿ ಓದಿ, ಒಂದೊಂದಕ್ಕೂ ಅದರದೇ ದಾರಿ ಯಾವುದೆಂದು ಗುರುತಿಸಬೇಕು. ತನ್ನ ದಾರಿಗೆ ಎಳೆಯಬಾರದು. ನಮ್ಮಲ್ಲಿ ಒಬ್ಬೊಬ್ಬ ದೊಡ್ಡ ಲೇಖಕರ ಸುತ್ತ ಅವರಂತೆಯೇ ಬರೆಯುವ ಹತ್ತು ಜನ ಹುಟ್ಟಿಕೊಂಡ ಉದಾಹರಣೆ ಬೇಕಾದಷ್ಟಿವೆ. ಅದರಲ್ಲಿ ಹಿರಿಯರ ಪ್ರಭಾವದಷ್ಟೇ, ಬೇರೆ ದನಿ ಕೇಳಿಸಿಕೊಳ್ಳದ ಕೂಟದ ಪಾಲೂ ಇದೆ. ಇದಕ್ಕೆ ತೀರಾ ವಿರುದ್ಧವಾದ ಕಾಯಿಲೆ ಹೊಗಳಿಕೆಯದು. ಓದಿ ಮುಗಿಸುವ ಮುಂಚೆಯೇ ಚಪ್ಪಾಳೆ, “ಅದ್ಭುತ ಸರ್”, ಕೈಮುಗಿಯುವ ಚಿತ್ರ. ನಾಳೆ ಅವರು ನಮ್ಮದನ್ನು ಹೊಗಳಬೇಕು. ವರ್ಷಗಟ್ಟಲೆ ಹೊಗಳಿಕೆಯಲ್ಲೇ ಇದ್ದು, ಮೊದಲ ಸಂಕಲನಕ್ಕೆ ಒಂದು ಬಿರುಸಿನ ವಿಮರ್ಶೆ ಬಂದ ಕೂಡಲೇ ಬರೆಯುವುದನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ.

ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ. ಶ್ರೀನಿವಾಸರಾಜು ಅವರು ಮಾಡಿದ ಕೆಲಸ ಇಲ್ಲಿ ನೆನೆಯಲೇಬೇಕಾದದ್ದು. ಕಾಲೇಜು ವಿದ್ಯಾರ್ಥಿಗಳಿಗಾಗಿ ಬೇಂದ್ರೆ ಹೆಸರಿನಲ್ಲಿ ಕಾವ್ಯ ಸ್ಪರ್ಧೆ, ಅ.ನ.ಕೃ. ಹೆಸರಿನಲ್ಲಿ ಸಣ್ಣಕಥಾ ಸ್ಪರ್ಧೆ ನಡೆಸಿದರು. ಬಹುಮಾನ ಕೊಟ್ಟು ಕೈತೊಳೆದುಕೊಳ್ಳದೆ ಆ ಕವಿತೆ ಕಥೆಗಳನ್ನು ಅಚ್ಚು ಹಾಕಿ, ಹುಡುಗರ ಜೇಬಿಗೆ ನಿಲುಕುವ ಬೆಲೆಗೆ ಪುಸ್ತಕ ಮಾಡಿದರು. ಹತ್ತೊಂಬತ್ತು ವರ್ಷದವರಿಗೆ ತಮ್ಮ ಹೆಸರು ಅಚ್ಚಿನಲ್ಲಿ ಕಾಣುವುದೆಂದರೆ ಏನು ಎಂಬುದನ್ನು ಅವರು ಬಲ್ಲವರಾಗಿದ್ದರು. ಇವತ್ತಿನ ಎಷ್ಟೋ ಹೆಸರಾಂತ ಲೇಖಕರ ಮೊದಲ ಬಹುಮಾನ ಆ ಸ್ಪರ್ಧೆಗಳದ್ದು. 2007ರಲ್ಲಿ ಅವರು ತೀರಿಕೊಂಡಾಗ ತಮ್ಮ ಮೇಷ್ಟ್ರನ್ನು ಕಳೆದುಕೊಂಡೆವೆಂದು ಬರೆದವರಲ್ಲಿ ಅವರ ತರಗತಿಯಲ್ಲಿ ಕೂರದವರೂ ಇದ್ದರು.

ಹೆಗ್ಗೋಡಿನ ನೀನಾಸಮ್ ದಾರಿಯೇ ಬೇರೆ. 1949ರಲ್ಲಿ ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿದ ಈ ಸಂಸ್ಥೆ ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ ಆರಂಭಿಸಿದ ಸಂಸ್ಕೃತಿ ಶಿಬಿರ ಬರವಣಿಗೆಯ ತರಗತಿಯೇನಲ್ಲ. ರಾತ್ರಿ ನಾಟಕ ನೋಡುತ್ತಾರೆ, ಮರುದಿನ ಬೆಳಗ್ಗೆ ಆ ನಾಟಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಡಿಕೆ ಬೆಳೆಗಾರ, ಕಾಲೇಜು ಅಧ್ಯಾಪಕಿ, ಸಾಫ್ಟ್‌ವೇರ್ ಕೆಲಸದವರು, ಯಾರ ಮಾತಿಗೂ ಅಲ್ಲಿ ಜಾಗವಿದೆ. ನೋಡಿದ್ದನ್ನು ನೋಡಿದ ಹಾಗೆ ಹೇಳುವ ಅಭ್ಯಾಸ ಬರೆಯುವವರಿಗೆ ಎಷ್ಟು ಬೇಕೋ ಅಷ್ಟೇ ಓದುವವರಿಗೂ ಬೇಕು. ಕವಿಗಳು ಹೆಚ್ಚಾದರು, ಓದುಗರು ಕಡಿಮೆಯಾದರು ಎಂದು ಕೊರಗುವ ಬದಲು ನಮ್ಮ ಬಳಗಗಳು ತಿಂಗಳಿಗೊಂದು ದಿನವಾದರೂ ಬೇರೆಯವರ ಪುಸ್ತಕವನ್ನು ಎತ್ತಿಕೊಂಡು ಹೀಗೆ ಕೂರಬಾರದೇಕೆ?

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಇದನ್ನು ನಾನು ಅವಸರದಲ್ಲಿ ಹೇಳಲಾರೆ.

1979ರಲ್ಲಿ ಎರಡು ಸಂಗತಿ ನಡೆದವು. ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ಅದೇ ವರ್ಷ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿತು. ಹಾಸ್ಯ ಬರಹಗಳಿಂದ ಮನೆಮಾತಾಗಿದ್ದ ಟಿ. ಸುನಂದಮ್ಮನವರು ಮೊದಲ ಅಧ್ಯಕ್ಷೆಯಾದರು. ಕವಿಗೋಷ್ಠಿಯಲ್ಲಿ ಹತ್ತು ಗಂಡಸರ ನಡುವೆ ಒಬ್ಬ ಮಹಿಳೆಯನ್ನು ಕೂರಿಸಿ ಸಮಾಧಾನಪಡುತ್ತಿದ್ದ ಕಾಲದಲ್ಲಿ ಲೇಖಕಿಯರು ತಮ್ಮದೇ ವೇದಿಕೆ ಕಟ್ಟಿಕೊಂಡರು. ದೂರದ ಮುಂಬಯಿಯಲ್ಲಿ ಕನ್ನಡ ಲೇಖಕಿಯರ ‘ಸೃಜನಾ’ ಬಳಗ ಕಟ್ಟಿಕೊಂಡು ಬರೆಯುತ್ತ ಬಂದವರೂ ಇದ್ದಾರೆ. ಹಾಸನದ ಬಾನು ಮುಷ್ತಾಕ್ ಅವರು ಬಂಡಾಯದ ಒಡನಾಟದಲ್ಲಿ, ಲಂಕೇಶ್ ಪತ್ರಿಕೆಯ ವರದಿಗಾರಿಕೆಯಲ್ಲಿ ಬೆಳೆದು ಬಂದವರು. ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವು. ಪ್ರಶಸ್ತಿ ಬಂದ ದಿನ ಎಲ್ಲರೂ ಲಂಡನ್ನಿನ ವೇದಿಕೆ ನೋಡಿದೆವು. ಅದರ ಹಿಂದೆ ಜಿಲ್ಲಾ ಕೇಂದ್ರಗಳ ಸಭೆಗಳೂ ವಾಗ್ವಾದಗಳೂ ತುಂಬಿದ ದಶಕಗಳಿದ್ದವು.

ಆದರೂ ಇವತ್ತಿಗೂ ಕಮ್ಮಟವೊಂದರಲ್ಲಿ ಹೆಣ್ಣುಮಗಳು ಕಥೆ ಓದಿ ಮುಗಿಸಿದ ಕೂಡಲೇ ಬರುವ ಮೊದಲ ಪ್ರಶ್ನೆ, “ಇದು ನಿಮ್ಮದೇ ಅನುಭವವಾ ಮೇಡಂ?” ಗಂಡಸು ಕೊಲೆಗಾರನ ಕಥೆ ಬರೆದರೆ ಈ ಪ್ರಶ್ನೆ ಏಳುವುದಿಲ್ಲ. ಗಂಡನನ್ನು ಬಿಟ್ಟು ಹೋಗುವವಳ ಕಥೆಯನ್ನು ಒಬ್ಬಳು ಓದಿದರೆ ಕೋಣೆಯ ಕಣ್ಣೆಲ್ಲ ಅವಳ ಕೊರಳಿನ ತಾಳಿಯ ಮೇಲೆ. ಈ ಒಂದು ಪ್ರಶ್ನೆಗೆ ಹೆದರಿ ಕಥೆಯ ಕೊನೆಯನ್ನು ಬದಲಿಸಿಕೊಂಡು, ನಾಯಕಿಯನ್ನು ಸಂಜೆಯೊಳಗೆ ಮನೆಗೆ ವಾಪಸು ಕಳಿಸಿದವರು ನಮ್ಮ ಕೂಟದಲ್ಲೇ ಇದ್ದಾರೆ. ನಮ್ಮಲ್ಲಿ ಈಗ ಆ ಪ್ರಶ್ನೆಯನ್ನು ಯಾರೂ ಕೇಳುವಂತಿಲ್ಲ. ಕಥೆ ಅಂದರೆ ಹಾಳೆಯ ಮೇಲಿರುವುದು ಮಾತ್ರ, ಅದರ ಬಗ್ಗೆ ಮಾತಾಡಿ ಎಂದು ಆರಂಭದಲ್ಲೇ ಹೇಳಿಬಿಡುತ್ತೇವೆ. ಜಾತಿಯ ಅನುಭವ ಬರೆದವರಿಗೂ ಇದೇ ರಕ್ಷಣೆ ಬೇಕು; ಕಥೆ ಚರ್ಚಿಸುವ ನೆಪದಲ್ಲಿ ಅವರ ಕೇರಿಯ ಬಗ್ಗೆ ವಿಚಾರಣೆ ನಡೆಸುವುದನ್ನು ನಾನು ನೋಡಿದ್ದೇನೆ, ಅದು ಸಹಿಸತಕ್ಕದ್ದಲ್ಲ.

ಹೊತ್ತಿನ ಪ್ರಶ್ನೆಯೂ ಇದೆ. ಸಂಜೆ ಆರಕ್ಕೆ ಶುರುವಾಗುವ ಕೂಟಕ್ಕೆ ಹಳ್ಳಿಯ ಹುಡುಗಿ ಬರಲಾರಳು, ಕೊನೆಯ ಬಸ್ಸು ಅಷ್ಟರಲ್ಲಿ ಹೊರಟಿರುತ್ತದೆ. ಬೆಳಗ್ಗೆ ಹತ್ತಕ್ಕೆ ಇಟ್ಟರೆ ಮನೆಯ ಅಡಿಗೆ ಮುಗಿಸಬೇಕಾದವರು ಬರಲಾರರು. ನಾವು ಮಧ್ಯಾಹ್ನ ಎರಡಕ್ಕೆ ಬದಲಿಸಿದ ಮೇಲೆ ಹೊಸ ಮುಖಗಳು ಬಂದವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿದ ಮೇಲೆ ಪಕ್ಕದ ತಾಲ್ಲೂಕಿನಿಂದಲೂ ಇಬ್ಬರು ಬರತೊಡಗಿದರು. ಅವರಲ್ಲೊಬ್ಬರು ಬಸ್ಸಿನಲ್ಲೇ ನೋಟ್‌ಬುಕ್ ತೊಡೆಯ ಮೇಲಿಟ್ಟು ಕಥೆ ತಿದ್ದಿಕೊಂಡು ಬರುತ್ತಾರೆ.

ಇಷ್ಟು ಓದಿದವರಲ್ಲಿ ಯಾರಾದರೂ ತಮ್ಮೂರಿನಲ್ಲಿ ಹೀಗೊಂದು ಕೂಟ ಮಾಡಬೇಕೆಂದುಕೊಂಡರೆ, ಅನುಭವದಿಂದ ನಾಲ್ಕು ಮಾತು. ಜಾಗಕ್ಕೆ ಹೆದರಬೇಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ಮೇಲ್ವಿಚಾರಕರನ್ನು ಕೇಳಿಕೊಂಡರೆ ಅಲ್ಲೇ ಕೂರಬಹುದು, ಸುತ್ತ ಪುಸ್ತಕವೂ ಇರುತ್ತದೆ. ಆರೇಳು ಜನ ಸಾಕು. ಮೂವತ್ತು ಜನ ಬಂದರೆ ಅದು ಸಭೆಯಾಗಿಬಿಡುತ್ತದೆ, ಮೈಕ್ ಬೇಕಾಗುತ್ತದೆ. ಒಂದು ಸಲಕ್ಕೆ ಎರಡು ಕಥೆ ಅಥವಾ ನಾಲ್ಕು ಕವಿತೆಗಿಂತ ಹೆಚ್ಚು ಎತ್ತಿಕೊಳ್ಳಬೇಡಿ. ಮೊದಲು ಇಷ್ಟವಾದ ಒಂದು ಸಾಲನ್ನು ಪ್ರತಿಯೊಬ್ಬರೂ ತೋರಿಸಲಿ, ಆಮೇಲೆ ಮನಸ್ಸು ಎಲ್ಲಿ ಬೇರೆ ಕಡೆ ಹೋಯಿತೆಂದು ಹೇಳಲಿ. ಬರೆದವರಿಗೆ ಕೊನೆಯಲ್ಲಿ ಮಾತು. ಗೆದ್ದ ಕಥೆಗಳ ಜೊತೆಗೆ ಸೋತ ಕಥೆಗಳನ್ನೂ ತರಲು ಹೇಳಿ. ದೀಪಾವಳಿ ವಿಶೇಷಾಂಕದ ಸ್ಪರ್ಧೆಯಿಂದ ಮರಳಿದ ಕಥೆಯನ್ನು ಎಲ್ಲರೂ ಸೇರಿ ಓದಿದ ಮಧ್ಯಾಹ್ನಗಳೇ ನಮಗೆ ಹೆಚ್ಚು ಕಲಿಸಿವೆ.

ಕಥೆಯ ಪ್ರತಿ ಎಲ್ಲರ ಕೈಯಲ್ಲೂ ಇರಬೇಕು. ಫೋನಿನಲ್ಲಿ ಓದಿದರೆ ಸಾಲಿನ ಕೆಳಗೆ ಗೆರೆ ಎಳೆಯಲು ಬರುವುದಿಲ್ಲ. ಐದು ಪುಟದ ಕಥೆಗೆ ಎಂಟು ಪ್ರತಿಯೆಂದರೆ ನಲವತ್ತು ಪುಟ ಜೆರಾಕ್ಸ್ ಆಗುತ್ತದೆ. ಆ ದುಡ್ಡನ್ನು ಎಲ್ಲರೂ ಹಂಚಿಕೊಳ್ಳಿ, ಬರೆದವರ ಮೇಲೆ ಹಾಕಬೇಡಿ. ಕೂಲಿಯ ದಿನ ಬಿಟ್ಟು ಬಂದವರು, ಹಾಸ್ಟೆಲಿನ ಹುಡುಗರು ಆ ಖರ್ಚಿಗೇ ಅಂಜಿ “ಈ ತಿಂಗಳು ಏನೂ ಬರೆದಿಲ್ಲ ಸರ್” ಎಂದು ಕಥೆಯನ್ನು ಚೀಲದಲ್ಲೇ ಇಟ್ಟುಕೊಂಡು ಕೂರುವುದುಂಟು.